ಹಿಡಿತ ಬಿಟ್ಟ ಪ್ಲೇಟುಗಳು

ದಾಯ್ರೊ ಬಾಡಿಗೆಗೆ ಓಡಿಸುವ ಬೈಕು ಏರು ಹತ್ತುವುದನ್ನು ನಿಲ್ಲಿಸಿತ್ತು. ಬೀದಿಗೆಲ್ಲ ಗೊತ್ತಿದ್ದ ಈ ವಿಷಯ ಅವನ ಮನೆಯವರಿಗೆ ಮಾತ್ರ ಗೊತ್ತಿರಲಿಲ್ಲ. ಎಕ್ಸಿಲರೇಟರನ್ನು ಎಷ್ಟು ಹಿಂಡಿದರೂ ಎಂಜಿನ್ ಕೊಯ್ಯಲು ಹಿಡಿದ ಹಂದಿಯ ಹಾಗೆ ಅರಚುತ್ತಿತ್ತೇ ಹೊರತು ಚಕ್ರ ಮುಂದಕ್ಕೆ ಉರುಳುತ್ತಿರಲಿಲ್ಲ. ಅವನು ಇಳಿಜಾರಿಗೆ ಹೋಗುವವರನ್ನು ಮಾತ್ರ ಹತ್ತಿಸಿಕೊಂಡು, ಏರಿನ ಬಾಡಿಗೆ ಬಂದರೆ ಮೂತ್ರಕ್ಕೆ ಹೋಗುವ ನೆಪ ಹೇಳಿ ಗೋಡೆಯ ಹಿಂದೆ ಮರೆಯಾಗುತ್ತಿದ್ದ. ಗುಡ್ಡದ ಮೇಲಿನ ತುರ್ಬಾಕೊದಂಥ ಊರಲ್ಲಿ ಈ ನಾಟಕ ಎಷ್ಟು ದಿನ ನಡೆದೀತು? ಇಲ್ಲಿ ಚರ್ಚಿಗೆ ಹೋಗಲಿಕ್ಕೂ ಏರು, ಮೀನು ತರಲಿಕ್ಕೂ ಏರು.

ಕೊನೆಗೆ ಗುಟ್ಟು ರಟ್ಟು ಮಾಡಿದವಳು ಒಬ್ಬ ಟೀಚರಮ್ಮ. ಅವನ ಹೆಂಡತಿ ನೆಲ್ಫಿ ದಿನಾ ಬೆಳಿಗ್ಗೆ ಮನೆಬಾಗಿಲಲ್ಲಿ ಬಾಣಲೆ ಇಟ್ಟು, ಮರಗೆಣಸಿನ ಹಿಟ್ಟಿಗೆ ಖೀಮಾ ತುಂಬಿ ಕರಿದು ಮಾರುತ್ತಾಳೆ. ಟೀಚರಮ್ಮ ಎರಡು ಕಟ್ಟಿಸಿಕೊಂಡು, ನಿನ್ನೆ ನಿನ್ನ ಗಂಡ ನನ್ನನ್ನು ಏರಿನ ಅರ್ಧದಲ್ಲಿ ಇಳಿಸಿಬಿಟ್ಟ, ನಾನು ನಡೆದುಕೊಂಡೇ ಮೇಲೆ ಹೋಗಿ ಬಾಡಿಗೆ ಕೈಯಲ್ಲಿ ಹಿಡಿದು ಅವನಿಗಾಗಿ ಕಾದೆ ಎಂದಳು. ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ನೆಲ್ಫಿಯೂ ನಕ್ಕಳು. ಆದರೆ ಸಂಜೆ ಗಂಡನ ತಟ್ಟೆಗೆ ಅನ್ನ ಬಡಿಸುವಾಗ ಅವಳ ಮುಖದಲ್ಲಿ ನಗುವಿರಲಿಲ್ಲ.

"ಕ್ಲಚ್ ಹೋಗಿದೆ ಅಲ್ವಾ?"

ದಾಯ್ರೊ ಮೀನಿನ ಮುಳ್ಳು ತೆಗೆಯುತ್ತಾ, ಹೋಗಿಲ್ಲ, ಸ್ವಲ್ಪ ಸವೆದಿದೆ ಎಂದ.

ಮೇಜಿನ ಆ ತುದಿಯಲ್ಲಿ ಕೂತಿದ್ದ ಅವನ ಅತ್ತೆ ಬೆನಿಲ್ಡಾ ಅನ್ನದ ಮೇಲೆ ಹುಳಿಕೆನೆ ಸುರಿದುಕೊಂಡಳು. "ನೆಲ್ಫಿ, ನಿನ್ನ ಗಂಡನಿಗೆ ಹೇಳು. ನಾಲ್ಕು ಜನ ನಗೋ ಮುಂಚೆ ಮನೇಲಿ ಹೇಳಬೇಕಿತ್ತು ಅಂತ."

"ನೆಲ್ಫಿ, ನಿಮ್ಮಮ್ಮನಿಗೆ ಹೇಳು. ಹೇಳಿದ್ರೆ ಇವರು ಮೊದಲು ನಗ್ತಿದ್ರು ಅಂತ."

ಇಬ್ಬರ ನಡುವೆ ಒಂದು ಮೇಜಿನಷ್ಟೇ ಜಾಗವಿತ್ತು. ಆದರೂ ಮಾತು ನೆಲ್ಫಿಯ ಮೂಲಕವೇ ದಾಟಬೇಕು. ಈ ಮನೆಯಲ್ಲಿ ಅದು ವರ್ಷಗಳ ಪದ್ಧತಿ. ಬೆನಿಲ್ಡಾಳ ಗಂಡ ಪ್ಲಾಸಿದೊ ಇದ್ದಾಗ ಅವನ ಹತ್ತಿರ ಬೀರುವಿನಷ್ಟು ಎತ್ತರದ ಹಾಡಿನ ಪೆಟ್ಟಿಗೆಯೊಂದಿತ್ತು. ಶನಿವಾರ ಅದನ್ನು ಹಚ್ಚಿದರೆ ಮೂರು ಬೀದಿಯ ತಗಡಿನ ಸೂರುಗಳು ನಡುಗುತ್ತಿದ್ದವು. ಅವನು ಸತ್ತ ಮೇಲೆ, ಬೈಕು ಕೊಳ್ಳಲೆಂದು ದಾಯ್ರೊ ಆ ಪೆಟ್ಟಿಗೆಯನ್ನು ಮಾರಿದ. ಬೆನಿಲ್ಡಾಳೇ ಒಪ್ಪಿಗೆ ಕೊಟ್ಟಿದ್ದಳು, ಅದರಲ್ಲಿ ತಕರಾರಿಲ್ಲ. ಆದರೆ ಲಾರಿಗೆ ಏರಿಸುವಾಗ ಇವನು ಬಾಯಿ ಮುಚ್ಚಿಕೊಂಡಿರದೆ, ಹಿಂದೆಲ್ಲ ಗೆದ್ದಲು ತಿಂದಿದೆ, ಯಾರೋ ತಗೊಂಡಿದ್ದೇ ಪುಣ್ಯ ಎಂದ. ಆವತ್ತಿನಿಂದ ಅವಳು ಅಳಿಯನ ಜೊತೆ ನೇರವಾಗಿ ಮಾತಾಡಿಲ್ಲ. ಅವನೂ ಮೊಂಡ, ಮಾತಾಡಿಸಲಿಲ್ಲ. ಪೆಟ್ಟಿಗೆಯ ಜೊತೆಗಿದ್ದ ಕಪ್ಪು ಹಾಡಿನ ಪ್ಲೇಟುಗಳನ್ನು ಮಾತ್ರ ಅವಳು ಕೊಡಲಿಲ್ಲ. ಹಾಕಿ ಕೇಳಲು ಯಂತ್ರವಿಲ್ಲದಿದ್ದರೂ ಅವು ಅವಳ ಮಂಚದ ಕೆಳಗೆ ಮರದ ಪೆಟ್ಟಿಗೆಗಳಲ್ಲಿದ್ದವು. ಆಗಾಗ ಒಂದೊಂದನ್ನೇ ಹೊರತೆಗೆದು, ಹಳೆ ಲಂಗದ ತುಂಡಿನಿಂದ ಒರೆಸಿ ಒಳಗಿಡುತ್ತಿದ್ದಳು.

ಬೈಕಿನ ಸಮಸ್ಯೆ ಬರೀ ರಿಪೇರಿಯದ್ದಾಗಿರಲಿಲ್ಲ. ಬಾಡಿಗೆ ಬೈಕುಗಳ ಸ್ಟ್ಯಾಂಡಿನಲ್ಲಿ ದಾಯ್ರೊನಿಗೆ ಹನ್ನೊಂದನೇ ನಂಬರಿನ ಹಸಿರು ಜಾಕೀಟು ಇತ್ತು. ಆ ಜಾಕೀಟು ಇದ್ದವನು ಮಾತ್ರ ಅಲ್ಲಿ ಸರದಿಗೆ ನಿಲ್ಲಬಹುದು. ಜಾಕೀಟು ತೊಟ್ಟವನು ತಿಂಗಳ ಕೊನೆಯವರೆಗೂ ಏರಿನ ಬಾಡಿಗೆಗೆ ಬರದಿದ್ದರೆ, ಅದು ಕಾಯುತ್ತಿರುವ ಇನ್ನೊಬ್ಬನಿಗೆ ಹೋಗುತ್ತದೆ. ಆಮೇಲೆ ಬೇಡಿದರೂ ಸಿಗುವುದಿಲ್ಲ. ಸ್ಟ್ಯಾಂಡಿನ ಮುಖ್ಯಸ್ಥ ಎಲ್ಕಿನ್ ಒಳ್ಳೆಯವನೇ, ಆದರೆ ಪದ್ಧತಿ ಬಿಡುವವನಲ್ಲ. ಅವನು ದಾಯ್ರೊನನ್ನು ಪಕ್ಕಕ್ಕೆ ಕರೆದು, ಈ ತಿಂಗಳ ಕೊನೆಯ ಭಾನುವಾರದೊಳಗೆ ಗಾಡಿ ಸರಿಮಾಡಿಕೋ, ಆಮೇಲೆ ನನ್ನನ್ನು ಬೈಯಬೇಡ ಎಂದು ಎಚ್ಚರಿಸಿದ್ದ.

ಕ್ಲಚ್ ಸವೆಯಲು ಕಾರಣವೂ ಅದೇ ಸ್ಟ್ಯಾಂಡು. ಅದು ಇರುವುದು ಇಳಿಜಾರಿನ ಮೇಲ್ತುದಿಯಲ್ಲಿ. ಸಾಲಿನ ಮುಂದಿರುವವನು ಎಂಜಿನ್ ಆರಿಸದೆ, ಬ್ರೇಕೂ ಹಿಡಿಯದೆ, ಗೇರಿನಲ್ಲೇ ಕ್ಲಚ್ಚನ್ನು ಅರ್ಧ ಬಿಟ್ಟು ಗಾಡಿಯನ್ನು ಏರಿನಲ್ಲಿ ತೂಗಿಸಿ ನಿಲ್ಲಿಸುವುದು ಅಲ್ಲಿನವರ ಜಂಬ. ಕಾಲು ನೆಲಕ್ಕೆ ತಾಗಿದರೆ ಹಿಂದಿನವರು ಸಿಳ್ಳೆ ಹಾಕುತ್ತಾರೆ. ಕಾಲು ತಾಗಿಸದೆ ಹೆಚ್ಚು ಹೊತ್ತು ನಿಲ್ಲುವುದರಲ್ಲಿ ದಾಯ್ರೊನನ್ನು ಮೀರಿಸಿದವರಿಲ್ಲ. ಹಾಗೆ ನಿಂತು ನಿಂತೇ ಕ್ಲಚ್ಚಿನೊಳಗಿನ ಪ್ಲೇಟುಗಳನ್ನು ಸುಟ್ಟುಹಾಕಿದ್ದ.

ಗ್ಯಾರೇಜಿಗೆ ಕೊಡು ಎಂದರೆ ಅವನು ಕೇಳಲಿಲ್ಲ. ಹಿಂದೊಮ್ಮೆ ಕೊಟ್ಟಾಗ ಗಾಡಿ ಬೇರೆ ಯಾರದೋ ಹಿಂದಿನ ಚಕ್ರ ಹಾಕಿಕೊಂಡು ಮನೆಗೆ ಬಂದಿತ್ತು. ತಾನೇ ಮಾಡುತ್ತೇನೆ ಎಂದ. ಅದನ್ನು ಕೇಳಿ ಬೆನಿಲ್ಡಾ ನೆಲ್ಫಿಗೆ, ನಿನ್ನ ಗಂಡ ಬಚ್ಚಲಿನ ನಲ್ಲಿ ಸರಿಮಾಡಿದ ಮೇಲೆ ನಾವು ಬಕೆಟ್ಟಿನಲ್ಲೇ ನೀರು ಹೊರುತ್ತಿದ್ದೇವೆ ಎಂದು ನೆನಪಿಸಿದಳು.

ಹೊಸ ಕ್ಲಚ್ ಪ್ಲೇಟುಗಳನ್ನು ಕಾರ್ತಹೇನಾದ ಮಾರುಕಟ್ಟೆಯಿಂದ ತರಬೇಕಿತ್ತು. ಮೊದಲು ಬಂದವು ಬೇರೆ ಮಾಡೆಲ್ ಗಾಡಿಯವು. ಇದರೊಳಗೆ ಕೂರುವಂಥವಲ್ಲ. ಅವನ್ನು ವಾಪಸ್ ಮಾಡಿ ಸರಿಯಾದವನ್ನು ತರುವುದರಲ್ಲಿ ಒಂದು ವಾರ ಹಾಳಾಯಿತು. ಆ ವಾರವೆಲ್ಲ ದಾಯ್ರೊ ಮನೆಯಲ್ಲೇ ಇದ್ದ. ಮನೆಯಲ್ಲಿರುವ ಗಂಡಸು ಹೇಗೆ ಎಂದು ನಾನು ಹೇಳಬೇಕಾಗಿಲ್ಲ. ಬಾಣಲೆಯ ಹತ್ತಿರ ನಿಂತು ಬಿಸಿಬಿಸಿ ಎತ್ತಿ ತಿನ್ನುತ್ತಿದ್ದ, ಸಾಲಿನಲ್ಲಿದ್ದ ಹೆಂಗಸರಿಗೆ ಉಪದೇಶ ಮಾಡುತ್ತಿದ್ದ. ಮಗಳು ಕೇಯ್ಲಾ ಔಷಧಿ ಅಂಗಡಿಯ ಕೆಲಸಕ್ಕೆ ಹೊರಟರೆ, ಈ ಪ್ಯಾಂಟು ಬಿಗಿ, ಆ ಲಿಪ್‌ಸ್ಟಿಕ್ ಜಾಸ್ತಿ ಎನ್ನುತ್ತಿದ್ದ.

"ಅಪ್ಪಾ, ನಿನ್ನ ಗಾಡಿ ಬೇಗ ಸರಿಮಾಡ್ಕೋ," ಎಂದಳು ಒಂದು ದಿನ ಕೇಯ್ಲಾ. "ಇಲ್ಲಾಂದ್ರೆ ಮನೇಲಿ ನಮ್ಮ ಕ್ಲಚ್ಚೂ ಹೋಗುತ್ತೆ."

ಕೊನೆಯ ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಹಿತ್ತಲಲ್ಲಿ ಗಾಡಿ ಬಿಚ್ಚಿದರು. ಹಳೆ ಆಯಿಲ್ ಇಳಿಸಿದರು, ಕಿಕ್ಕರ್ ತೆಗೆದರು, ಬಲಗಡೆಯ ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ ಬಿಡಿಸಿದರು. ಬೋಲ್ಟುಗಳ ಉದ್ದ ಒಂದೇ ಸಮ ಇರುವುದಿಲ್ಲ. ನೆಲ್ಫಿ ಮೊಟ್ಟೆಯ ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ತೂತು ಮಾಡಿ, ಎಲ್ಲಿಂದ ಬಂದದ್ದನ್ನು ಅಲ್ಲೇ ಸಿಕ್ಕಿಸಿದಳು. ಮುಚ್ಚಳದ ಅಂಚಿಗೆ ಅಂಟಿಕೊಂಡಿದ್ದ ಹಳೆ ಪ್ಯಾಕಿಂಗ್ ಕಾಗದವನ್ನು ಮೀನಿನ ಪೊರೆ ತೆಗೆಯುವ ಚಾಕುವಿನಿಂದ ಕೆರೆದಳು. ಗಂಡನಿಗೆ ಆ ತಾಳ್ಮೆ ಇಲ್ಲ. ಸ್ಪ್ರಿಂಗುಗಳು ಬಿಚ್ಚಿಕೊಂಡು ಒಳಗಿನ ಪ್ಲೇಟುಗಳು ಹೊರಬಂದಾಗ ಹಿತ್ತಲೆಲ್ಲ ಸುಟ್ಟ ವಾಸನೆ ತುಂಬಿತು. ಉಕ್ಕಿನವು ನೀಲಿಗಟ್ಟಿದ್ದವು, ಒರಟಾಗಿ ಕಚ್ಚಿಕೊಳ್ಳಬೇಕಾದ ಹಿಡಿತದವು ನುಣ್ಣಗೆ ಗಾಜಿನ ಹಾಗಾಗಿದ್ದವು.

ಹೊಸ ಪ್ಲೇಟುಗಳನ್ನು ಒಣಗಿದ್ದ ಹಾಗೇ ಹಾಕುವಂತಿಲ್ಲ. ಒಂದು ರಾತ್ರಿ ಆಯಿಲ್ಲಿನಲ್ಲಿ ನೆನೆಯಬೇಕು. ದಾಯ್ರೊ ಕೈಗೆ ಸಿಕ್ಕಿದ ಬೋಗುಣಿಯನ್ನು ತಗೊಂಡ. ಅದು ಅವನ ಅತ್ತೆ ಅವರೆಕಾಳು ನೆನೆಹಾಕುವ ಬೋಗುಣಿ. ಅಡಿಗೆಮನೆಯಲ್ಲಿ ಬೋಗುಣಿ ಹುಡುಕುತ್ತ ಬಂದ ಬೆನಿಲ್ಡಾ ಹಿತ್ತಲ ಬಾಗಿಲ ಹಿಂದೆ ನಿಂತಳು. ಬೈಯಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗಿನಿಂದ ಅಳಿಯನ ಮಾತು ಕೇಳಿಸಿತು.

"ಹಳೇ ಪ್ಲೇಟೆಲ್ಲ ಸೋಮವಾರ ಗುಜರಿಯವನಿಗೆ ಹಾಕಿಬಿಡೋಣ. ಅವುಗಳಲ್ಲಿ ಇನ್ನೇನೂ ಉಳಿದಿಲ್ಲ. ಸುಮ್ನೆ ತಿರುಗ್ತವೆ ಅಷ್ಟೆ."

"ಹಾಕು," ಎಂದಳು ನೆಲ್ಫಿ. "ಇಷ್ಟು ದಿನ ಇಟ್ಕೊಂಡಿದ್ದೇ ಜಾಸ್ತಿ ಆಯ್ತು."

ಬೆನಿಲ್ಡಾಳಿಗೆ ಪ್ಲೇಟು ಎಂದರೆ ಎರಡೇ. ಒಂದು ಊಟದ್ದು, ಇನ್ನೊಂದು ಪ್ಲಾಸಿದೊನದ್ದು. ಗಾಡಿಯ ಹೊಟ್ಟೆಯಲ್ಲೂ ಪ್ಲೇಟುಗಳಿರುತ್ತವೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವವನ ಜೊತೆ ಅವಳಿಗೆ ಮಾತಿರಲಿಲ್ಲ. ಪೆಟ್ಟಿಗೆ ಮಾರಿದವನು ಈಗ ಪ್ಲೇಟುಗಳಿಗೂ ಕೈ ಹಾಕಿದ, ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಜೊತೆ ಸೇರಿದಳು ಎಂದುಕೊಂಡಳು. ಅವಳು ಕೂಗಾಡಲಿಲ್ಲ. ಬೋಗುಣಿಯನ್ನೂ ಕೇಳಲಿಲ್ಲ. ಕೋಣೆಗೆ ಹೋಗಿ, ಮಂಚದ ಕೆಳಗಿನ ಪ್ಲೇಟುಗಳನ್ನು ಹೊದಿಕೆಯಲ್ಲಿ ಸುತ್ತಿ, ಮುಂಬಾಗಿಲಿನಿಂದ ಕಂತು ಕಂತಾಗಿ ಪಕ್ಕದ ಮನೆಯ ತೆರೆಸಿತಾಳ ಬೀರುವಿಗೆ ಸಾಗಿಸಿದಳು. ತೆರೆಸಿತಾ ಏನೆಂದು ಕೇಳಿದರೆ, ಮನೆಯಲ್ಲಿ ಕಳ್ಳರಿದ್ದಾರೆ ಎಂದಷ್ಟೇ ಹೇಳಿದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಬರೆಯುವ ಅಗತ್ಯವಿರಲಿಲ್ಲ. ಅವಳ ಸಿಟ್ಟು ಇಳಿಯಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಅಳಿಯನ ಹಸಿರು ಜಾಕೀಟು ನೇತಾಡುತ್ತಿತ್ತು. ಅದನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಏರು ಹತ್ತಿ ಸ್ಟ್ಯಾಂಡಿಗೆ ಹೋಗಿ ಎಲ್ಕಿನ್‌ನ ಮುಂದೆ ಇಟ್ಟಳು. ನನ್ನ ಅಳಿಯ ಇನ್ನು ಬರುವುದಿಲ್ಲ, ಬೇಕಾದವರಿಗೆ ಕೊಡು ಎಂದಳು. ಎಲ್ಕಿನ್‌ಗೆ ನಂಬಿಕೆ ಬರಲಿಲ್ಲ.

"ದೊಡ್ಡಮ್ಮ, ಇದನ್ನ ಅವನೇ ಹೇಳಿ ಕಳಿಸಿದನಾ?"

"ಅವನ ಬಾಯಿ ಬೇರೆ, ನಮ್ಮನೆ ಬಾಯಿ ಬೇರೆಯೇನಪ್ಪಾ?"

ಎಲ್ಕಿನ್ ಜಾಕೀಟನ್ನು ಎತ್ತಿಕೊಂಡ. ಬಾಳೆತೋಟದ ಕೆಲಸ ಬಿಟ್ಟು ಬಂದು, ಬೈಕು ಇಟ್ಟುಕೊಂಡು ಕಾಯುತ್ತಿದ್ದ ಯೇಸಿದ್ ಎಂಬವನಿಗೆ ಆ ಸಂಜೆಯೇ ಹನ್ನೊಂದನೇ ನಂಬರು ಹೋಯಿತು.

ಮರುದಿನ ಭಾನುವಾರ. ನೆನೆದ ಪ್ಲೇಟುಗಳನ್ನು ದಾಯ್ರೊ ಒಂದು ಹಿಡಿತದ್ದು, ಒಂದು ಉಕ್ಕಿನದು ಎಂದು ಎಣಿಸುತ್ತ ಜೋಡಿಸಿದ. ಸ್ಪ್ರಿಂಗಿನ ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದ. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಹೊಸ ಪ್ಯಾಕಿಂಗ್ ಇಟ್ಟು ಮುಚ್ಚಳ ಕೂರಿಸುವ ಹೊತ್ತಿಗೆ ಕೇಯ್ಲಾ ಅರ್ಧ ದಿನದ ಕೆಲಸ ಮುಗಿಸಿ ಬಂದಳು. ಬ್ಯಾಗು ಕೂಡ ಇಳಿಸದೆ ಹಿತ್ತಲಿಗೆ ಬಂದು ನಿಂತಳು.

"ಅಪ್ಪಾ, ನಿನ್ನ ಜಾಕೀಟು ಯಾರಿಗಾದ್ರೂ ಕೊಟ್ಯಾ? ಸ್ಟ್ಯಾಂಡಲ್ಲಿ ಯಾವನೋ ಹಾಕ್ಕೊಂಡು ನಿಂತಿದ್ದಾನೆ."

ದಾಯ್ರೊ ಎದ್ದು ಒಳಗೆ ಹೋದ, ಹಿಂದೆಯೇ ನೆಲ್ಫಿಯೂ ಕೇಯ್ಲಾಳೂ ಹೋದರು. ಮೊಳೆ ಖಾಲಿ ಇತ್ತು. ಬೆನಿಲ್ಡಾ ಅಡಿಗೆಮನೆಯಲ್ಲಿ ಬಾಳೆಕಾಯಿ ಸುಲಿಯುತ್ತ, ತಿರುಗಿ ನೋಡದೆ ಮಾತಾಡಿದಳು.

"ನೆಲ್ಫಿ, ನಿನ್ನ ಗಂಡನಿಗೆ ಹೇಳು. ಅದನ್ನ ನಾನೇ ಕೊಟ್ಟೆ ಅಂತ. ಸತ್ತವನ ಪ್ಲೇಟುಗಳನ್ನ ಗುಜರಿಗೆ ಹಾಕೋನಿಗೆ ಈ ಮನೆಯಿಂದ ಕೆಲಸಕ್ಕೆ ಹೋಗೋ ಯೋಗ್ಯತೆ ಇಲ್ಲ ಅಂತ."

ದಾಯ್ರೊನ ಮುಖ ಕೆಂಪಾಯಿತು. "ನೆಲ್ಫಿ, ನಿಮ್ಮಮ್ಮನಿಗೆ ಕೇಳು—"

"ನಾನು ಕೇಳಲ್ಲ," ಎಂದಳು ನೆಲ್ಫಿ. ಕೈಯಲ್ಲಿದ್ದ ಸ್ಪ್ಯಾನರನ್ನು ಅಡಿಗೆಕಟ್ಟೆಯ ಮೇಲೆ ಕುಕ್ಕಿದಳು. "ಇಷ್ಟು ವರ್ಷ ನಿಮ್ಮಿಬ್ಬರ ಮಾತು ಹೊತ್ತು ಹೊತ್ತು ನನ್ನ ಕುತ್ತಿಗೆ ಮುರಿದು ಹೋಗಿದೆ. ಅಮ್ಮಾ, ಅವನು ಅಲ್ಲೇ ಇದ್ದಾನೆ. ದಾಯ್ರೊ, ಅಮ್ಮನಿಗೆ ಎರಡು ಕಿವಿ ಇದೆ. ಹೇಳೋದಿದ್ರೆ ಹೇಳ್ಕೊಳ್ಳಿ. ಇಲ್ಲಾಂದ್ರೆ ಇಬ್ಬರೂ ಹಸ್ಕೊಂಡು ಬಿದ್ದಿರಿ. ಇವತ್ತು ನಾನು ಬಡಿಸಲ್ಲ."

ದಾಯ್ರೊ ಹಿತ್ತಲಿಗೆ ಹೋಗಿ, ಸುಟ್ಟ ಪ್ಲೇಟೊಂದನ್ನು ಎತ್ತಿಕೊಂಡು ಬಂದ. ಅತ್ತೆಯ ಮುಂದೆ, ಬಾಳೆಕಾಯಿ ಸಿಪ್ಪೆಯ ಪಕ್ಕದಲ್ಲಿ ಇಟ್ಟ.

"ಅತ್ತೆ, ಪ್ಲೇಟು ಅಂದ್ರೆ ಇದು. ಕ್ಲಚ್ಚಿನದು. ಮಾವನ ಪ್ಲೇಟನ್ನ ನಾನು ಮುಟ್ಟೂ ಇಲ್ಲ."

ಬೆನಿಲ್ಡಾ ಅದನ್ನು ಬೆರಳಿಂದ ತಳ್ಳಿ ನೋಡಿದಳು. ಎತ್ತಿ ಮೂಸಿದಳು. ನಡುವಿನ ತೂತಿನೊಳಗಿನಿಂದ ಅಳಿಯನ ಮುಖ ನೋಡಿದಳು.

"ಇದಕ್ಕ್ಯಾಕೆ ಪ್ಲೇಟು ಅಂತಾರೆ?"

"ನನಗೇನು ಗೊತ್ತು ಅತ್ತೆ. ಹೆಸರಿಟ್ಟೋನು ನಾನಲ್ಲ."

ಕೇಯ್ಲಾ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು. ಅವಳ ನಗು ತೆರೆಸಿತಾಳ ಮನೆಯವರೆಗೂ ಕೇಳಿಸಿತು. ಬೆನಿಲ್ಡಾ ನಗಲಿಲ್ಲ. ಕ್ಷಮಿಸು ಎನ್ನಲೂ ಇಲ್ಲ, ಅದು ಅವಳ ಜಾಯಮಾನವಲ್ಲ. ಕೈ ತೊಳೆದುಕೊಂಡು, ಒಲೆ ಆರಿಸಿ, ಕೋಣೆಗೆ ಹೋಗಿ ಚರ್ಚಿನ ಪೂಜೆಗೆ ಹೋಗುವಾಗ ಹಾಕುವ ರವಿಕೆ ತೊಟ್ಟು ಬಂದಳು.

"ಗಾಡಿ ತೆಗಿ. ಕೊಟ್ಟೋಳು ನಾನು, ತರೋಳೂ ನಾನು."

ಗಾಡಿಗೆ ಇನ್ನೂ ಆಯಿಲ್ ಹಾಕಿರಲಿಲ್ಲ. ಅವಳು ಹಿತ್ತಲಲ್ಲೇ ಕುರ್ಚಿ ಹಾಕಿಕೊಂಡು ಕೂತು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕಾದಳು. ಮಗಳು ರಟ್ಟಿನಿಂದ ಬೋಲ್ಟು ಕಿತ್ತು ಕೊಡುವುದನ್ನೂ ಅಳಿಯ ಬಿಗಿಯುವುದನ್ನೂ ನೋಡಿದಳು. ಮೊದಲ ಸಲ ಗಾಡಿ ಶುರುಮಾಡಿ ಗೇರು ಹಾಕಿದಾಗ, ಕ್ಲಚ್ ಹಿಡಿದಿದ್ದರೂ ಅದು ಮುಂದಕ್ಕೆ ಹಾರಿ ಗೋಡೆಗೆ ಗುದ್ದಿ ನಿಂತಿತು. ನೆಲ್ಫಿಯ ಮುಖ ಬಿಳುಚಿಕೊಂಡಿತು. ಹೊಸ ಪ್ಲೇಟು ಆಯಿಲ್ಲಿಗೆ ಒಂದಕ್ಕೊಂದು ಅಂಟಿಕೊಂಡಿವೆ, ಬಿಡುತ್ತವೆ ಎಂದು ದಾಯ್ರೊ ಹೇಳಿದ. ಆದರೆ ಅವನ ದನಿಯಲ್ಲೂ ಗಟ್ಟಿತನವಿರಲಿಲ್ಲ. ಗಾಡಿಯನ್ನು ಹಿಂದೆ ಮುಂದೆ ಅಲುಗಾಡಿಸಿ, ಕೇಬಲ್ಲಿನ ತಿರುಪು ಸ್ವಲ್ಪ ತಿರುಗಿಸಿ ಮತ್ತೆ ಗೇರು ಹಾಕಿದ. ಈ ಸಲ ಗಾಡಿ ಸುಮ್ಮನೆ ನಿಂತಿತು. ಬೆನಿಲ್ಡಾ ಎದ್ದು, ಅಡ್ಡ ಕೂರದೆ ಎರಡೂ ಕಡೆ ಕಾಲು ಹಾಕಿ ಹತ್ತಿ ಕೂತಳು. ಹಿಂದಿನ ಸ್ಪ್ರಿಂಗುಗಳು ಪೂರ್ತಿ ಕುಸಿದವು. ಬೆನಿಲ್ಡಾ ಸಣ್ಣ ಹೆಂಗಸಲ್ಲ.

ಸ್ಟ್ಯಾಂಡಿಗೆ ಹೋಗುವ ರಸ್ತೆಯಲ್ಲಿ ಬೇಕರಿಯಿಂದ ಮೇಲಕ್ಕೆ ನೇರ ಏರು. ದಾಯ್ರೊ ಕೆಳಗಿನಿಂದಲೇ ವೇಗ ತಗೊಂಡು ನುಗ್ಗಿದ, ಗಾಡಿ ಹತ್ತಿತು. ಮೇಲೆ ಸಾಲಿನಲ್ಲಿದ್ದವರೆಲ್ಲ ಇವರತ್ತ ತಿರುಗಿದರು. ಯೇಸಿದ್ ಕೂಡ ಜಾಕೀಟಿನ ಅಂಚು ಎಳೆದುಕೊಂಡು ನೋಡಿದ. ಬೆನಿಲ್ಡಾ ಇಳಿಯದೆಯೇ ಎಲ್ಕಿನ್‌ನನ್ನು ಕರೆದು, ನಿನ್ನೆ ನಾನು ಹೇಳಿದ್ದು ತಪ್ಪು, ಅದನ್ನು ವಾಪಸ್ ಕೊಡು ಎಂದಳು. ಎಲ್ಕಿನ್ ತಲೆ ಕೆರೆದುಕೊಂಡ. ನೀವು ಕೊಟ್ಟಿರಿ ಅಂತ ಕೊಟ್ಟೆ, ಅದಾದರೂ ಸರಿಮಾಡಬಹುದು, ಆದರೆ ಈ ಗಾಡಿ ಏರು ಹತ್ತಲ್ಲ ಅನ್ನುವುದು ಊರಿಗೇ ಗೊತ್ತಲ್ಲ ಎಂದ. ಈಗ ಹತ್ತಲಿಲ್ಲವಾ ಎಂದು ಬೆನಿಲ್ಡಾ ಗದರಿದಳು.

"ಓಡಿ ಬಂದು ಹತ್ತೋದು ಯಾವ ಗಾಡಿಗೂ ಬರುತ್ತೆ ದೊಡ್ಡಮ್ಮ. ಬೇಕರಿ ಮುಂದೆ ಪೂರ್ತಿ ನಿಲ್ಸಿ, ನಿಮ್ಮನ್ನ ಕೂರಿಸ್ಕೊಂಡೇ ಅಲ್ಲಿಂದ ಎತ್ತಲಿ. ಎತ್ತಿದ್ರೆ ಜಾಕೀಟು ಅವನದೇ."

ಅದು ನ್ಯಾಯದ ಮಾತು. ಏರಿನಲ್ಲಿ ನಿಂತು ಎತ್ತಲಾರದ ಗಾಡಿ ಬಾಡಿಗೆಗೆ ಯೋಗ್ಯವಲ್ಲ. ದಾಯ್ರೊ ತಿರುಗಿಸಿಕೊಂಡು ಕೆಳಗೆ ಹೋದ. ಬೇಕರಿಯ ಮುಂದೆ ಮತ್ತೆ ಏರಿನತ್ತ ಮುಖಮಾಡಿ, ಎರಡೂ ಕಾಲು ನೆಲಕ್ಕೆ ಊರಿ ನಿಲ್ಲಿಸಿದ. ಮೇಲಿಂದ ಯಾರೋ ಸಿಳ್ಳೆ ಹಾಕಿದರು. ಬೇಕರಿಯವನು ಬ್ರೆಡ್ಡಿನ ಮೇಲೆ ಬಟ್ಟೆ ಮುಚ್ಚುತ್ತಿದ್ದವನು ಹಾಗೇ ನಿಂತ. ದಾಯ್ರೊನ ಬೆನ್ನು ಬೆವರಿನಿಂದ ಒದ್ದೆಯಾಗಿ ಅತ್ತೆಯ ರವಿಕೆಗೆ ತಾಗುತ್ತಿತ್ತು.

"ಇಳೀಲೇನಪ್ಪಾ, ಒಂದಿಷ್ಟು ಹಗುರ ಆಗುತ್ತೆ," ಎಂದಳು ಬೆನಿಲ್ಡಾ ಮೆಲ್ಲಗೆ, ಅವನ ಕಿವಿಯ ಹತ್ತಿರ.

"ಬೇಡ ಅತ್ತೆ. ಗಟ್ಟಿಯಾಗಿ ಹಿಡ್ಕೊಳ್ಳಿ."

ಅವಳು ಅವನ ಸೊಂಟವನ್ನು ಎರಡೂ ಕೈಯಿಂದ ಹಿಡಿದಳು. ಅವನು ಗೇರು ಹಾಕಿ, ಸ್ವಲ್ಪ ಹಿಂಡಿ, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಬಂದ. ಒಂದು ಕ್ಷಣ ಏನೂ ಆಗಲಿಲ್ಲ. ಗಾಡಿ ಹಿಂದಕ್ಕೆ ಒಂದು ಅಂಗುಲ ಜಾರಿತು. ಆಮೇಲೆ ಒಳಗೆಲ್ಲೋ ಕಚ್ಚಿಕೊಂಡ ಹಾಗಾಯಿತು. ಮುಂದಿನ ಚಕ್ರ ಹಗುರವಾಯಿತು, ಬೆನಿಲ್ಡಾಳ ಕೈಚೀಲ ಭುಜದಿಂದ ಜಾರಿ ಮೊಣಕೈಗೆ ಬಂತು, ಗಾಡಿ ಹೊರಟಿತು. ಎಂಜಿನ್ ಅರಚಲಿಲ್ಲ. ಹೊರೆ ಹೊತ್ತ ಕತ್ತೆಯ ಹಾಗೆ ತಲೆ ತಗ್ಗಿಸಿಕೊಂಡು ಒಂದೇ ಸಮನೆ ಹತ್ತಿತು. ಬೇಕರಿ ಹಿಂದೆ ಉಳಿಯಿತು, ಔಷಧಿ ಅಂಗಡಿ ಹಿಂದೆ ಉಳಿಯಿತು. ನಿಲ್ಲಿಸಬೇಡ, ನಿಲ್ಲಿಸಬೇಡ ಎಂದು ಬೆನಿಲ್ಡಾ ದಾರಿಯುದ್ದಕ್ಕೂ ಅವನ ಬೆನ್ನಿಗೆ ಹೇಳುತ್ತಲೇ ಇದ್ದಳು.

ಎಲ್ಕಿನ್ ಮಾತಿಗೆ ತಪ್ಪಲಿಲ್ಲ. ಯೇಸಿದ್ ಜಾಕೀಟು ಕಳಚಿ ಕೊಟ್ಟ. ಮುಖ ಸಪ್ಪೆಯಾಗಿತ್ತು. ಸ್ಟ್ಯಾಂಡಿನ ಮುದುಕ ಓನೊಫ್ರೆ ಬರುವ ತಿಂಗಳು ಗಾಡಿ ಓಡಿಸುವುದನ್ನು ನಿಲ್ಲಿಸುತ್ತಾನೆ, ಆ ನಂಬರು ನಿನಗೇ ಎಂದು ಎಲ್ಕಿನ್ ಎಲ್ಲರೆದುರು ಮಾತು ಕೊಟ್ಟ ಮೇಲೆ ಕೊಂಚ ತಿಳಿಯಾಯಿತು. ಬೆನಿಲ್ಡಾ ಇಳಿದು ಲಂಗ ಸರಿಮಾಡಿಕೊಳ್ಳುತ್ತಿದ್ದಾಗ ಗ್ಯಾಸ್ ಸಿಲಿಂಡರ್ ಹಿಡಿದುಕೊಂಡು ಒಬ್ಬ ಹೆಂಗಸು ಬಂದಳು. ಅವಳು ಹೋಗಬೇಕಾದದ್ದು ನೀರಿನ ಟ್ಯಾಂಕಿನ ಹತ್ತಿರಕ್ಕೆ, ಊರಿನಲ್ಲೇ ಕಡಿದಾದ ಏರಿಗೆ. ಸಿಲಿಂಡರಿನ ಭಾರ ನೋಡಿ ಸಾಲಿನ ಮುಂದಿದ್ದವರು ಆಕಾಶ ನೋಡಿದರು. ದಾಯ್ರೊ ಜಾಕೀಟಿನ ಗುಂಡಿಯನ್ನೂ ಹಾಕಲಿಲ್ಲ. ಹತ್ತಮ್ಮ ಎಂದ, ಸಿಲಿಂಡರನ್ನು ತೊಡೆಯ ಮುಂದೆ ಇಟ್ಟುಕೊಂಡ, ಹೊರಟೇ ಹೋದ. ಅತ್ತೆಯನ್ನು ಕರೆತಂದಿದ್ದೇನೆ ಎನ್ನುವುದು ಅವನಿಗೆ ನೆನಪಿರಲಿಲ್ಲ.

ಎಲ್ಲರೂ ಬೆನಿಲ್ಡಾಳ ಕಡೆ ನೋಡಿದರು. ಬಿರುಬಿಸಿಲು, ಕಾಲಲ್ಲಿ ಪೂಜೆಗೆ ಹೋಗುವ ಬಿಗಿ ಚಪ್ಪಲಿ. ಎಲ್ಕಿನ್ ತನ್ನ ಗಾಡಿಯ ಸ್ಟ್ಯಾಂಡ್ ಎತ್ತಿ, ನಾನು ಬಿಟ್ಟು ಬರುತ್ತೇನೆ, ದುಡ್ಡೇನೂ ಬೇಡ ಎಂದ.

ಬೆನಿಲ್ಡಾ ಬೇಡವೆಂದು ಕೈ ಆಡಿಸಿದಳು. ಹುಣಸೆಮರದ ನೆರಳಲ್ಲಿದ್ದ ಗಿರಾಕಿಗಳ ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಕಾಲು ಚಾಚಿದಳು.

"ನಮ್ಮನೆ ಗಾಡಿ ಈಗ ಬರುತ್ತಪ್ಪಾ," ಎಂದಳು.